ಎಡಗಡೆಯ ಫ್ಲ್ಯಾಶ್

ಮಾರ್ಚ್ 4, ಬೆಳಿಗ್ಗೆ 10.20
ಹತ್ತು ಸಲ ಒತ್ತಿದೆ. ಎಡಗಡೆಯ ಫ್ಲ್ಯಾಶ್ ಹತ್ತಿದ್ದು ಆರು ಸಲ. ಸೆಲ್ ಹೊಸದು. ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿ, ಸ್ಪಿರಿಟ್ ಹಚ್ಚಿ ಒರೆಸಿದ್ದಾಯಿತು. ಸ್ಟ್ಯಾಂಡನ್ನು ಹತ್ತಿರ ತಂದೆ, ದೂರ ಇಟ್ಟೆ, ತಲೆಯ ಮಟ್ಟಕ್ಕೆ ಏರಿಸಿದೆ. ಮತ್ತೆ ಹತ್ತು. ಈ ಸಲ ಐದು. ಪೂರ್ತಿ ಕೆಟ್ಟಿದ್ದರೆ ಎಸೆಯಬಹುದಿತ್ತು. ಮನಸ್ಸಿದ್ದಾಗ ಹತ್ತುತ್ತದೆ, ಇಲ್ಲದಿದ್ದರೆ ಮುನಿಸಿಕೊಂಡ ನಾದಿನಿಯ ಹಾಗೆ ಕೂತಿರುತ್ತದೆ.

ಬಲಗಡೆಯದು ಹಳೆಯದು. ಕ್ಯಾಮೆರಾಕ್ಕೆ ತಂತಿ ಇದೆ. ಒಮ್ಮೆಯೂ ಕೈಕೊಟ್ಟಿಲ್ಲ. ಎಡಗಡೆಯದಕ್ಕೆ ತಂತಿಯಿಲ್ಲ, ರೇಡಿಯೋ. ಕ್ಯಾಮೆರಾದ ತಲೆಯ ಮೇಲಿನ ಟ್ರಿಗರ್ ಹೇಳಬೇಕು, ಅದೇ ಚಾನೆಲಿನಲ್ಲಿ ಇದು ಕೇಳಬೇಕು.

ಶನಿವಾರ ಕೇಳಲಿಲ್ಲ. ನರ್ಸಿಂಗ್ ಕಾಲೇಜಿನ ಹಾಲ್. ಪದವಿಯ ದಿನ. ಬಿಳಿ ಸಮವಸ್ತ್ರದಲ್ಲಿ ನಲವತ್ತೆರಡು ಹುಡುಗಿಯರು. ಏಳು ಸಲ ತೆಗೆದೆ. ಏಳರಲ್ಲೂ ಬಲಗಡೆಯವರು ಫಳಫಳ, ಎಡಗಡೆಯ ಇಪ್ಪತ್ತು ಮಂದಿ ಕತ್ತಲಲ್ಲಿ. ಆ ಇಪ್ಪತ್ತರಲ್ಲಿ ನನ್ನ ತಂಗಿ. ಮಾರನೇ ದಿನವೇ ಬ್ಯಾಚು ಚದುರಿತು. ಕಂಪ್ಯೂಟರಿನಲ್ಲಿ ಬೆಳಕು ಎತ್ತಿ ನೋಡಿದೆ — ಮುಖವಿರಬೇಕಾದಲ್ಲಿ ಬರೀ ಮರಳಿನಂಥ ಚುಕ್ಕೆ.

ಅತಿಥಿಯಾಗಿ ಬಂದಿದ್ದ ಮೇಷ್ಟ್ರು ಪ್ರಿನ್ಸಿಪಾಲರಿಗೆ ಹೇಳಿದ್ದು ನನಗೂ ಕೇಳಲಿ ಅಂತಲೇ: "ನಾನೇ ಕಲಿಸಿದ ಹುಡುಗಿ. ಏನು ಮಾಡೋದು, ಬೆಳಕು ಎಲ್ಲರ ಕೈಗೂ ಬರಲ್ಲ."

ಹನ್ನೊಂದು ವರ್ಷ ಅವರ ಸ್ಟುಡಿಯೋದಲ್ಲಿ ದುಡಿದೆ. ಈಗ ರಸ್ತೆಯ ಆಚೆ ಅವರದು, ಈಚೆ ನನ್ನದು. ಅದೇ ಅವರ ಹೊಟ್ಟೆನೋವು.

ಮಾರ್ಚ್ 5
ತಂಗಿ ಡ್ಯೂಟಿ ಮುಗಿಸಿ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಮೂರೇ ದಿನ, ಆಗಲೇ ಡಾಕ್ಟರ ಗತ್ತು. ಫೋಟೋದ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಅಕ್ಕ, ನೀನು ಸುಮ್ನೆ ಮಾತ್ರೆ ಬದಲಾಯಿಸ್ತಾ ಇದೀಯ. ಜ್ವರ ಯಾವಾಗ ಬರುತ್ತೆ, ಯಾವಾಗ ಬಿಡುತ್ತೆ, ಮೊದಲು ಬರೆದಿಡು."

ಸರಿ. ಬರೆದಿಡುತ್ತೇನೆ.

ಮಾರ್ಚ್ 9, ಮಧ್ಯಾಹ್ನ
ಬೆಳಿಗ್ಗೆ ಎಂಟರಿಂದ ಹತ್ತು: ಒಮ್ಮೆಯೂ ತಪ್ಪಿಲ್ಲ. ಹತ್ತರ ನಂತರ ಜ್ವರ. ಎದುರಿನ ಷಟರ್ ಏಳುವುದು ಹತ್ತಕ್ಕೆ. ಅವರ ರಜೆಯ ದಿನ ಇಡೀ ದಿನ ಆರೋಗ್ಯ.

ಹನ್ನೊಂದೂವರೆಗೆ ಕ್ಯಾಮೆರಾ ಎತ್ತಿದೆ. ಇನ್ನೂ ಒತ್ತಿರಲಿಲ್ಲ. ಎಡಗಡೆಯದು ತಾನಾಗಿಯೇ ಮಿಂಚಿತು. ತಕ್ಷಣ ಒತ್ತಿದೆ — ಇಲ್ಲ. ಅದರ ಶಕ್ತಿಯೇ ಅಷ್ಟು. ಒಮ್ಮೆ ಮಿಂಚಿದರೆ ಮತ್ತೆ ಶಕ್ತಿ ತುಂಬಿಕೊಳ್ಳಲು ಮೂರು ಸೆಕೆಂಡು ಬೇಕು. ಆ ಮೂರು ಸೆಕೆಂಡಿನಲ್ಲಿ ನಾನು ಒತ್ತಿದರೆ ಅದು ಕಿವುಡು.

ಕಿಟಕಿಯ ಪರದೆ ಎಳೆದೆ. ಐವತ್ತಕ್ಕೆ ಐವತ್ತು. ಸರಿಸಿದೆ. ಹತ್ತಕ್ಕೆ ನಾಲ್ಕು.

ರೇಡಿಯೋಗೆ ಪರದೆ ಲೆಕ್ಕಕ್ಕಿಲ್ಲ. ಪರದೆ ಅಡ್ಡ ಬರುವುದು ಕಣ್ಣಿಗೆ ಮಾತ್ರ. ಯಾರೋ ನನ್ನನ್ನು ನೋಡಿಕೊಂಡೇ ಒತ್ತುತ್ತಿದ್ದಾರೆ.

ಕೆಲಸ ಬಿಟ್ಟಾಗ ನನ್ನ ಎರಡನೇ ಟ್ರಿಗರ್ ಮೇಷ್ಟ್ರ ಸ್ಟುಡಿಯೋದಲ್ಲೇ ಉಳಿದಿತ್ತು. ಅದು ಈಗಲೂ ನನ್ನ ಚಾನೆಲಿನಲ್ಲೇ ಇದೆ.

ಸಂಜೆ 6
ಪದವಿಯ ದಿನವೂ ಹೀಗೇ ಆಗಿತ್ತಾ ಅಂತ ತಂಗಿಯನ್ನು ಕೇಳಿದೆ. ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿದಳು. "ಹೌದಕ್ಕ. ನೀನು ರೆಡಿ ಅನ್ನೋ ಮೊದಲೇ ನಮ್ಮ ಕಡೆ ಲೈಟ್ ಬಂದುಬಿಡ್ತಿತ್ತು. ನಾವು ಟೆಸ್ಟ್ ಅಂದ್ಕೊಂಡ್ವಿ."

ಫೋಟೋ ತೆರೆದು ದೊಡ್ಡದು ಮಾಡಿದೆ. ಹಿಂದೆ, ಬಲಗಡೆಯ ಬಾಗಿಲ ಬಳಿ, ಮೇಷ್ಟ್ರು. ಬಲಗೈ ಕೋಟಿನ ಜೇಬಿನಲ್ಲಿ. ಏಳು ಫೋಟೋದಲ್ಲೂ ಜೇಬಿನಲ್ಲೇ.

ಇನ್ನು ಈ ಪುಸ್ತಕದಲ್ಲಿ ಅವನಿಗೆ ಬಹುವಚನವಿಲ್ಲ.

ಮಾರ್ಚ್ 12
ನನ್ನ ಫ್ಲ್ಯಾಶಿನ ಚಾನೆಲ್ ಬದಲಾಯಿಸಿದೆ. ಅಲ್ಲಿಗೆ ಬಿಡಬಹುದಿತ್ತು.

ಅವನದು ನಾಲ್ಕನೇ ಚಾನೆಲ್. ಗುಂಡಿ ಅಲುಗದಿರಲಿ ಅಂತ ಟೇಪು ಹಚ್ಚಿದವಳು ನಾನೇ. ನನ್ನ ಟ್ರಿಗರನ್ನು ನಾಲ್ಕಕ್ಕೆ ತಿರುಗಿಸಿ, ಪರದೆಯ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅವನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಉಸಿರು ಬಿಗಿಹಿಡಿಯುತ್ತಾನೆ, ಭುಜ ಒಂಚೂರು ಏರುತ್ತದೆ — ಹನ್ನೊಂದು ವರ್ಷ ನೋಡಿದ ಭುಜ. ಆಗ ಒತ್ತಿದೆ.

ಪಕ್ಕನೆ ಮಿಂಚಿತು. ಅವನು ಬೆಚ್ಚಿಬಿದ್ದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಮಾರ್ಚ್ 14
ನಾಲ್ಕು ಸಲ. ಸೆಲ್ ಬದಲಾಯಿಸಿದ.

ಮಾರ್ಚ್ 17
ಪಿನ್ನು ಉಜ್ಜುತ್ತಿದ್ದಾನೆ. ರಬ್ಬರಿನಿಂದ. ಉಜ್ಜು.

ಮಾರ್ಚ್ 19
ಒಬ್ಬ ಗಿರಾಕಿ ಸಿಟ್ಟಾಗಿ ಎದ್ದು ಅಲ್ಲಿಂದ ನೇರ ನನ್ನಲ್ಲಿಗೆ ಬಂದ. "ಆ ಮುದುಕಂಗೆ ಕೈ ಹಿಡಿತ ಹೋಗಿದೆ ಕಣ್ರೀ" ಅಂದ. ಆ ಮಾತು ಬರೆದುಕೊಂಡೆ. ಇನ್ನೊಮ್ಮೆ ಬರೆಯುತ್ತೇನೆ: ಕೈ ಹಿಡಿತ ಹೋಗಿದೆ ಕಣ್ರೀ.

ತಂಗಿಗೆ ಹೇಳಿಲ್ಲ. "ಏನಕ್ಕ, ಈಚೆಗೆ ಕಳೆ ಬಂದುಬಿಟ್ಟಿದೆ" ಅಂದಳು.

ಮಾರ್ಚ್ 21, ಸಂಜೆ 5.40
ಇಂದು ಆರು. ಬೂದುಬಣ್ಣದ ಶಾಲು ಹೊದ್ದ ಹೆಂಗಸು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಆರು ಸಲ ಎತ್ತಿದ, ಆರು ಸಲವೂ ನಾನು ಮುಂದೆ. ಕೊನೆಗೆ ಕೈಮುಗಿದು ಏನೋ ಹೇಳಿ ಅವಳನ್ನು ಬಾಗಿಲವರೆಗೆ ಬಿಟ್ಟು ಬಂದ. ಆಮೇಲೆ ಆ ಖಾಲಿ ಕುರ್ಚಿಯ ಮೇಲೆ ತಾನೇ ಕೂತ. ತಲೆ ತಗ್ಗಿಸಿಕೊಂಡು.

ಇಷ್ಟೇ ಬೇಕಿತ್ತು ನನಗೆ.

ಮಾರ್ಚ್ 22
ಎದುರಿನ ಷಟರ್ ಏಳಲಿಲ್ಲ. ಗೆದ್ದೆ.

ಮಾರ್ಚ್ 24
ತಂಗಿ ಊಟಕ್ಕೆ ಕೂತವಳು ಕಲಸುತ್ತಲೇ ಇದ್ದಳು, ತುತ್ತು ಎತ್ತಲಿಲ್ಲ. ಕೇಳಿದೆ.

"ನಮ್ಮ ವಾರ್ಡಿನಲ್ಲಿ ಒಬ್ಬರಿದಾರೆ. ಬಾಯಿ ಕ್ಯಾನ್ಸರು. ಶುಕ್ರವಾರ ಸಂಜೆ ಅಡ್ಮಿಟ್ ಆದ್ರು, ಮಾರನೇ ದಿನ ಆಪರೇಷನ್. ಕೆಳದವಡೆ ಪೂರ್ತಿ ತೆಗೆದ್ರು. ಅದಕ್ಕೆ ಮೊದಲು ಮುಖದ್ದೊಂದು ಫೋಟೋ ಇರಲಿ ಅಂತ ಆಸೆಪಟ್ಟು ಸ್ಟುಡಿಯೋಗೆ ಹೋಗಿದ್ರಂತೆ. ಫೋಟೋ ತೆಗೆಯೋ ಹೊತ್ತಿಗೆ ಫ್ಲ್ಯಾಶೇ ಹತ್ತಲಿಲ್ಲವಂತೆ. ನಾಳೆ ಬನ್ನಿ ಅಂದರಂತೆ. ನಾಳೆ ಎಲ್ಲಿತ್ತು ಅವರಿಗೆ?"

ನೀರು ಕುಡಿದೆ. "ಅವರು..." ಅಂದೆ. ಮುಂದೆ ಕೇಳುವುದು ಬೇಡವಾಗಿತ್ತು. ಕೇಳಿದೆ. "ಶಾಲು ಯಾವ ಬಣ್ಣ?"

"ಬೂದು. ನಿಂಗೆ ಹೇಗೆ ಗೊತ್ತು?"

ಮಾರ್ಚ್ 21, ಶುಕ್ರವಾರ. ಹಾಳೆ ತಿರುವಿ ನೋಡಿದೆ. ನನ್ನದೇ ಅಕ್ಷರ.

ಏಪ್ರಿಲ್ 2, ಸಂಜೆ 4
ಇಷ್ಟು ದಿನ ಬರೆದಿಲ್ಲ. ಎರಡು ಸಲ ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ ಬಂದೆ.

ಇವತ್ತು ಮೇಷ್ಟ್ರು ರಸ್ತೆ ದಾಟಿ ಬಂದರು. ಗಡ್ಡ ಬಿಟ್ಟಿದ್ದರು. ಮೊದಲ ಸಲ ನನ್ನ ಸ್ಟುಡಿಯೋದ ಒಳಗೆ ಕಾಲಿಟ್ಟಿದ್ದು. ನಾನು ಕೂರಿ ಅನ್ನಲಿಲ್ಲ. ಅವರೇ ಸ್ಟೂಲು ಎಳೆದುಕೊಂಡರು — ಪರದೆಯ ಬಳಿಯ ಸ್ಟೂಲು. ಸಂದಿಯಲ್ಲಿ ಕಣ್ಣಿಟ್ಟು ತಮ್ಮ ಸ್ಟುಡಿಯೋ ನೋಡಿದರು.

"ಇಲ್ಲಿಂದ ಚೆನ್ನಾಗೇ ಕಾಣತ್ತೆ" ಅಂದರು.

ನಾನು ಮೇಜಿನ ಮೇಲಿದ್ದ ಟ್ರಿಗರನ್ನು ಡ್ರಾಯರಿಗೆ ಹಾಕಿದೆ.

"ಮೊದಲನೇ ದಿನವೇ ಗೊತ್ತಾಯ್ತು. ನಾನು ಮಾಡಿದ್ದನ್ನೇ ನೀನು ಮಾಡ್ತಿದೀಯ ಅಂತ."

"ಗೊತ್ತಿದ್ದೂ ಚಾನೆಲ್ ಯಾಕೆ ಬದಲಾಯಿಸಲಿಲ್ಲ?"

"ಬದಲಾಯಿಸಿದ್ರೆ ನೀನು ಗೆದ್ದ ಹಾಗಲ್ವಾ. ಎಷ್ಟು ದಿನ ಕೂತಿರ್ತಾಳೆ, ನೋಡೇಬಿಡೋಣ ಅಂದ್ಕೊಂಡೆ."

"ಆ ಹೆಂಗಸು ಬಂದಾಗಲೂ?"

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಿನಗೆ ಬೆನ್ನು ಕಾಣ್ತಿತ್ತು. ನನಗೆ ಮುಖ ಕಾಣ್ತಿತ್ತು. ಆಕೆ ಎಲ್ಲಾನೂ ಹೇಳಿದ್ರು, ದವಡೆ ತೆಗೀತಾರೆ ಅಂತಾನೂ. ಒಂದು ನಿಮಿಷ ಇರಿ ಅಂತ ಹೇಳಿ ರಸ್ತೆ ದಾಟಿ ಬಂದು ನಿನ್ನ ಬಾಗಿಲು ತಟ್ಟಬಹುದಿತ್ತು. ಆ ಟೇಪ್ ಕಿತ್ತು ಗುಂಡಿ ತಿರುಗಿಸಬಹುದಿತ್ತು. ಕೈ ಏಳಲಿಲ್ಲ. ನಿನ್ನ ಮುಂದೆ ಸೋಲಬಾರದು ಅಂತ... ನಾಳೆ ಬನ್ನಿ ಅಂದುಬಿಟ್ಟೆ."

ಸಿಟ್ಟು ಹೋಗಿಲ್ಲ. ಈಗ ಬರೆಯುವಾಗಲೂ ಇದೆ. ಪದವಿಯ ದಿನದ ಇಪ್ಪತ್ತು ಹುಡುಗಿಯರ ಲೆಕ್ಕ ಹಾಗೇ ಉಳಿದಿದೆ, ಅದಕ್ಕೆ ಅವರು ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ. ಆದರೆ ಎದುರಿಗೆ ಕೂತಿದ್ದ ಮನುಷ್ಯನ ಪಾಪದಲ್ಲಿ ಅರ್ಧ ನನ್ನದಾಗಿತ್ತು. ಉಗಿಯಲು ಬಾಯಿ ಬರಲಿಲ್ಲ.

ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. "ಆರು ಇವೆ. ಎಲ್ಲಾ ಕತ್ತಲು. ತಲೆಯ ಮೇಲೊಂದು ಟ್ಯೂಬ್‌ಲೈಟ್ ಉರೀತಿತ್ತು, ಅಷ್ಟೇ. ನನಗೆ ಈ ಕಂಪ್ಯೂಟರ್ ಕೆಲಸ ಬರಲ್ಲ. ನಿನಗೆ ಬರತ್ತೆ."

ಸಂಜೆ 6.15
ಮೂರನೆಯದರಲ್ಲಿ ಒಂಚೂರು ಜೀವ ಇತ್ತು. ಬೆಳಕನ್ನು ಎತ್ತುತ್ತ ಹೋದೆ, ಒರಟನ್ನು ನವಿರು ಮಾಡುತ್ತ ಹೋದೆ. ಮೇಷ್ಟ್ರು ಹಿಂದೆ ನಿಂತು, "ಸಾಕು, ಕೆನ್ನೆ ಬೆಳ್ಳಗಾಗತ್ತೆ... ಹಾಂ, ಈಗ ನೆರಳು ಬಿಡು" ಎನ್ನುತ್ತಿದ್ದರು. ಹನ್ನೊಂದು ವರ್ಷ ಕೇಳಿದ ಅದೇ ದನಿ. ಕೇಳಿದರೆ ಮೈ ಉರಿಯುತ್ತದೆ. ಹೇಳಿದ್ದೆಲ್ಲ ಸರಿ ಇರುತ್ತದೆ, ಅದು ಇನ್ನೂ ಉರಿ.

ಮೊದಲು ಹಣೆ ಬಂತು. ಆಮೇಲೆ ಕಣ್ಣು. ಐವತ್ತರ ಆಸುಪಾಸು. ಒಂದು ಕೆನ್ನೆ ಊದಿತ್ತು, ಅದು ಕಾಣದ ಹಾಗೆ ಶಾಲು ಸರಿಪಡಿಸಿಕೊಂಡಿದ್ದರು. ತುಟಿಗೆ ಬಣ್ಣ. ನಗಲೋ ಬೇಡವೋ ಎಂಬಂತೆ ಇನ್ನೇನು ನಗುವವರ ಬಾಯಿ.

ಪ್ರಿಂಟ್ ಹೊರಬರುವಾಗ ತಂಗಿ ಡ್ಯೂಟಿಗೆ ಹೊರಟು ಬಂದಳು. ಮೇಷ್ಟ್ರನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಪ್ರಿಂಟ್ ಅವಳ ಕೈಗೆ ಕೊಟ್ಟೆ.

"ಅಯ್ಯೋ, ಇವರೇ" ಅಂದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಎಷ್ಟು ಚೆಂದ ಇದ್ರು ಅಕ್ಕ. ಈಗಲೇ ಹೋಗಿ ಕೊಡ್ತೀನಿ." ಮತ್ತೆ ನಮ್ಮಿಬ್ಬರನ್ನೂ ನೋಡಿದಳು, ನರ್ಸು ನೋಡುವ ಹಾಗೆ, ಒಬ್ಬೊಬ್ಬರನ್ನಾಗಿ. "ಕೇಳ್ತಾರೆ ಅವರು. ಬರೆದು ಕೇಳ್ತಾರೆ. ಅವತ್ತು ಫ್ಲ್ಯಾಶಿಗೆ ಏನಾಗಿತ್ತು ಅಂತ. ಏನು ಹೇಳ್ಲಿ?"

ಮೇಷ್ಟ್ರು ಬಾಯಿ ತೆರೆದರು. ನಾನು ಕೈ ಅಡ್ಡ ಮಾಡಿದೆ. ಚಪ್ಪಲಿ ಮೆಟ್ಟಿಕೊಂಡೆ.

"ನಡಿ, ನಾನೂ ಬರ್ತೀನಿ" ಅಂದೆ. "ದಾರೀಲಿ ಮೊದಲು ನಿನಗೆ ಎಲ್ಲಾನೂ ಹೇಳ್ತೀನಿ. ಆಮೇಲೆ ಅವರಿಗೆ ನಾನೇ ಹೇಳ್ತೀನಿ."