ಸುತ್ತಲಿನ ಮಬ್ಬು ಚುಕ್ಕೆಗಳು

ಚನ್ನರಾಯಪಟ್ಟಣ
೩ ಮಾರ್ಚ್ ೨೦೨೫

ಮೇಘಶ್ರೀ ಮಗಳೇ,

ಮಾವನ ಆಶೀರ್ವಾದ. ಸದ್ಯಕ್ಕೆ ಅದು ನಿನ್ನಲ್ಲಿ ಚಲಾವಣೆಯಾಗುವುದಿಲ್ಲ ಎಂಬುದು ಗೊತ್ತು.

ಫೋನ್ ಎತ್ತುತ್ತಿಲ್ಲ, ಆದ್ದರಿಂದ ಈ ಕಾಗದ. ನಿನ್ನಮ್ಮ, ನಮ್ಮಕ್ಕ, ತೀರಿಕೊಂಡ ಮೇಲೆ ಈ ಮನೆಯಲ್ಲೇ ಬೆಳೆದವಳು ನೀನು. ಇನ್ನು ಇಲ್ಲಿಗೆ ಕಾಲಿಡುವುದಿಲ್ಲ ಎಂದು ನಿನ್ನ ಅತ್ತೆಗೆ ಹೇಳಿದೆಯಂತೆ. ಫ್ಲೆಕ್ಸ್ ಅಂಗಡಿಗೆ ಎಂಥ ನಷ್ಟ ಬಂದಾಗಲೂ ನನಗೆ ಅನ್ನ ಸೇರುತ್ತಿತ್ತು. ಈಗ ಸೇರುತ್ತಿಲ್ಲ.

ನೀನು ಪಾಠ ಹೇಳುವ ಹಾಸನದ ಕಾಲೇಜಿನ ವಿಜ್ಞಾನ ದಿನಕ್ಕೆ ಆ ಗ್ಯಾಲಕ್ಸಿಯ ಫ್ಲೆಕ್ಸ್ ಕೇಳಿದ್ದೆ. ನಡುವೆ ನಕ್ಷತ್ರಗಳ ಅಡ್ಡಪಟ್ಟಿ, ಪಟ್ಟಿಯ ಎರಡೂ ತುದಿಯಿಂದ ಸುರುಳಿ ತೋಳು. ಸುತ್ತ ಅಲ್ಲಲ್ಲಿ ಮಬ್ಬು ಚುಕ್ಕೆಗಳು. ಮದುವೆ ಫ್ಲೆಕ್ಸಿನಲ್ಲಿ ಗಂಡಿನ ಮೊಡವೆ ಒರೆಸಿ ಒರೆಸಿ ಕೈಗೆ ಅಭ್ಯಾಸವಾಗಿದೆ, ಇವನ್ನೂ ಒರೆಸಿಬಿಟ್ಟೆ. ಬಂದವರ ಮುಂದೆ ನೀನು ಕೋಲು ಹಿಡಿದು, ಇವೇ ಇದರ ನೆರೆಯ ಗ್ಯಾಲಕ್ಸಿಗಳು ಎಂದು ತೋರಿಸಿದ ಕಡೆ ಬರೀ ಕಪ್ಪು. ಯಾರೋ ನಕ್ಕರಂತೆ.

ಅವತ್ತು ಫೋನಿನಲ್ಲಿ ಅಳುತ್ತಾ, "ಅವು ಕೊಳೆ ಅಲ್ಲ ಮಾವ. ಪಕ್ಕದವು ಎಳೆದೆಳೆದೇ ನಡುವಿನ ಆ ಪಟ್ಟಿ ಮೂಡಿರಬಹುದು ಅಂತ ತೋರ್ಸಕ್ಕೆ ನಾನು, ಸಮ್ಯಕ್ ಇಬ್ರೂ ಎಷ್ಟು ದುಡಿದಿದ್ವಿ" ಎಂದೆ ನೀನು. ನಾನೋ, "ಅಷ್ಟು ದೂರದವುಕ್ಕೆ ಇಷ್ಟ್ಯಾಕವ್ವ ಅಳ್ತೀಯ, ಇನ್ನೊಂದು ಪ್ರಿಂಟ್ ಒಡ್ಕೊಡ್ತೀನಿ ಬುಡು" ಎಂದೆ. ಸಮಾಧಾನ ಹೇಳಲು ನನಗೆ ಬರುವುದು ಅಷ್ಟೇ.

ನಮ್ಮ ಕಸುಬಿನಲ್ಲಿ ನಡುವೆ ಮುಖಂಡರ ದೊಡ್ಡ ಮುಖ, ಸುತ್ತ ದುಡ್ಡು ಕೊಟ್ಟವರ ದುಂಡು ದುಂಡು ಮುಖ. ಸುತ್ತಲಿನವರು ಸೆಳೆದರೆ ನಡುವಿನವರ ರೂಪವೇ ಬದಲಾಗುತ್ತದೆ ಎಂದು ಇದುವರೆಗೆ ಯಾವ ಗಿರಾಕಿಯೂ ಹೇಳಿರಲಿಲ್ಲ.

ನಿನ್ನ ಹೆಸರಿನ ಕೆಳಗೆ ಸಮ್ಯಕ್‌ನ ಹೆಸರೂ ಬಿಟ್ಟುಹೋಯಿತು. ನಿನ್ನ ಜೊತೆ ಕೆಲಸ ಮಾಡುವವನು, ನೀನು ಮದುವೆಯಾಗಬೇಕೆಂದಿರುವವನು. ಜೈನರ ಹುಡುಗ ಎಂದು ನಾನು ಮುಖ ಸಿಂಡರಿಸಿದ್ದು ನಿಜ. ಆದರೆ ಹೆಸರು ಬಿಟ್ಟದ್ದು ಜಾಗ ಸಾಲದೆ, ಅಷ್ಟೇ.

ಹೊಸ ಫ್ಲೆಕ್ಸ್ ಆಗಿದೆ. ಚುಕ್ಕೆ ಒಂದನ್ನೂ ಮುಟ್ಟಿಲ್ಲ. ಬಂದು ನೋಡವ್ವ.

ನಿನ್ನ ಮಾವ,
ರವೀಂದ್ರ

ಕವರಿಗೆ ಗೋಂದು ಹಚ್ಚುವ ಮುಂಚೆ ಇನ್ನೊಂದು ಮಾತು: ಅವತ್ತು ಫ್ಲೆಕ್ಸ್ ಒಯ್ಯಲು ಬಂದವನು ಸಮ್ಯಕ್‌ನೇ. ಹೆಸರಿರುವ ತುದಿಯನ್ನಷ್ಟೇ ಬಿಡಿಸಿ ನೋಡಿದ. ತನ್ನ ಹೆಸರಿಲ್ಲದ್ದು ಕಂಡು ಮತ್ತೆ ಸುತ್ತಿ ಹೆಗಲಿಗಿಟ್ಟುಕೊಂಡ. ಪೂರ್ತಿ ಬಿಡಿಸಿದ್ದರೆ ಚುಕ್ಕೆಗಳಿಲ್ಲದ್ದು ಅವನ ಕಣ್ಣಿಗೆ ಅಲ್ಲೇ ಬೀಳುತ್ತಿತ್ತು. "ಬರ್ತೀನಿ ಮಾವ" ಎಂದ. "ಸಾರ್ ಅನ್ನು, ಸಾಕು" ಎಂದೆ. ನಿನಗೆ ಇದನ್ನು ಅವನು ಹೇಳಿರಲಾರ. ಜಾಗ ಇತ್ತು ಕಣವ್ವ, ಒಂದೂವರೆ ಅಡಿ ಖಾಲಿ ಇತ್ತು.