ಗಾಳಿ, ಹವಾ, ದವಾ

ಪ್ರೀತಿಯ ಕಾಕಾ,

ನಿಮ್ಮ ಹಾಸಿಗೆ ಮೊನ್ನೆ ಮಲಗಿಬಿಟ್ಟಿತ್ತು. ಗಾಬರಿಯಾಗಬೇಡಿ, ಪೂರ್ತಿ ಓದಿ.

ಕೊಂಡಾಪುರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೊಳಚೆ ಶುದ್ಧಮಾಡುವ ಆ ತೊಟ್ಟಿಯನ್ನು ನನಗೆ ತೋರಿಸಿದ ದಿನ ನೆನಪಿದೆಯೇ? ನೀರಿನಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳು ಕುಣಿಯುತ್ತಿದ್ದವು. ಅವಕ್ಕಂಟಿದ ಸೂಕ್ಷ್ಮಜೀವಿಗಳೇ ಹೊಲಸು ತಿನ್ನುವವು. “ಇದಕ್ಕ ಹಾಸಿಗಿ ಅಂತಾರವ್ವಾ, ಆದ್ರ ಇದು ಮಲಗಬಾರದು. ತಳದಾಗಿನ ಗಾಳಿ ನಿಂತ್ರ ಜೀವಾ ಉಸಿರುಕಟ್ಟಿ ಸಾಯ್ತಾವ” ಎಂದಿರಿ.

ಬಿಹಾರದ ಆಪರೇಟರ್ ಮಿಶ್ರಾ ಕೆಲಸಕ್ಕೆ ಸೇರಿದ ದಿನವಂತೂ! ನಿಮ್ಮ ಕಲಬುರಗಿ ಹಿಂದಿಯಲ್ಲಿ “ಜೋರ್ಸೆ ಗಾಳಿ ದೋ, ಮಿಶ್ರಾಜೀ!” ಎಂದು ಕೂಗಿದಿರಿ. ಅವನ ಹಿಂದಿಯಲ್ಲಿ ಗಾಲಿ ಎಂದರೆ ಬೈಗುಳ. “ಕಿಸ್‌ಕೋ, ಸಾಬ್?” ಎಂದು, ಯಾರಿಗೆ ಬೈಯಲಿ ಎಂಬಂತೆ ಕೇಳಿದ. ನೀವು ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಕಡೆ ಬೆರಳು ತೋರಿಸಿದಿರಿ. ಪಾಪ, ಬ್ಲೋವರಿಗೇ ನಾಲ್ಕು ಬೈದ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ, “ಈಗ ನನಗ ಗಾಳಿ ಕೊಡಾಕತ್ತಾರ ನೋಡವ್ವಾ” ಎಂದಿರಿ. ನಾನು ನಕ್ಕೆ. ಆಮೇಲೆ… ನಿಮ್ಮ ತೊಟ್ಟಿಯ ಉಸ್ತುವಾರಿ ನನ್ನ ಹೆಗಲಿಗೆ ಬಂತು.

ಮೊನ್ನೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿದ್ದಾಗ ಮಿಶ್ರಾನ ಫೋನ್ ಬಂತು. ಬ್ಲೋವರ್ ಕೆಟ್ಟಿತ್ತು, ಬಿಲ್ಲೆಗಳು ನಿಂತಿದ್ದವು. ನಾತ ಲಿಫ್ಟ್ ಹತ್ತಿ ಐದನೇ ಮಹಡಿ ತಲುಪಿತ್ತು. ಅವನ ಪಕ್ಕದಲ್ಲಿ ಸೊಸೈಟಿಯ ಸೆಕ್ರೆಟರಿ, ಕೊಳಚೆಯನ್ನು ಸೀದಾ ಕೆರೆಗೆ ಬಿಡಿ ಎಂದು ತೆಲುಗಿನಲ್ಲಿ ಕಿರುಚುತ್ತಿದ್ದರು. ಜೀವಿಗಳು ಸತ್ತರೆ ಮತ್ತೆ ಬೆಳೆಯಲು ವಾರಗಳು ಬೇಕು; ಅಷ್ಟು ದಿನ ಕೆರೆಯ ಗತಿ? ಹೊಸದಾಗಿ ಕೂರಿಸಿದ ಎರಡನೇ ಬ್ಲೋವರನ್ನು ನಾನು ಹೇಳದೆ ಮಿಶ್ರಾ ಮುಟ್ಟುವಂತಿರಲಿಲ್ಲ. ಕಾಲೇಜು ಹಿಂದಿಯಲ್ಲಿ ಶುದ್ಧವಾಗಿ ಕೂಗಿದೆ: “ಹವಾ ದೋ, ಹವಾ!”

ಅದೇ ಹೊತ್ತಿಗೆ ರೈಲು ಸೀಟಿ ಹಾಕಬೇಕೇ?

“ದವಾ? ಠೀಕ್ ಹೈ ಮೇಡಂ, ಡಾಲ್ತಾ ಹೂಂ.”

ದವಾ ಎಂದರೆ ಅವನ ಬಾಯಲ್ಲಿ ಕ್ಲೋರಿನ್. ಕೊನೆಯ ತೊಟ್ಟಿಯ ತಿಳಿನೀರಿಗೆ ಅದು ಔಷಧ, ಈ ತೊಟ್ಟಿಗೆ ವಿಷ. ಕ್ಯಾನಿನ ಮುಚ್ಚಳ ಕಿರ್ ಎಂದದ್ದು ಕೇಳಿತು. ಕಾಕಾ, ನನ್ನ ಹಿಂದಿಯೆಲ್ಲ ಹಾರಿಹೋಯಿತು.

“ಗಾಳಿ! ಮಿಶ್ರಾಜೀ, ಗಾಳಿ ದೋ!”

ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು. ಫೋನನ್ನು ಕಿವಿಗೆ ಒತ್ತಿಕೊಂಡೆ. ಸುರಿದನೇ? ಸುರಿದೇಬಿಟ್ಟನೇ? ಆಮೇಲೆ ಎರಡನೇ ಬ್ಲೋವರ್ ಗುಡುಗಿತು.

“ಕಾಕಾವಾಲೀ ಗಾಳಿ? ಪೆಹಲೇ ಬೋಲ್ನಾ ಥಾ ನಾ, ಮೇಡಂ!” ಮೊದಲೇ ಹೇಳಬಾರದಿತ್ತೇ ಎಂದು ನನಗೇ ದಬಾಯಿಸಿದ.

ನಾನು ಹೋಗುವಷ್ಟರಲ್ಲಿ ಬಿಲ್ಲೆಗಳು ಎದ್ದು ಕುಣಿಯುತ್ತಿದ್ದವು. ನಾತವೂ ಮೆಟ್ಟಿಲಿಳಿಯತೊಡಗಿತ್ತು.

ಈಗ ಆ ಸ್ವಿಚ್ಚಿನ ಮೇಲೆ ಮಿಶ್ರಾ ಹಿಂದಿಯಲ್ಲಿ ದಪ್ಪಗೆ ‘ಗಾಲಿ’ ಎಂದು ಬರೆದಿದ್ದಾನೆ. “ಇಲ್ಲಿ ಬೈಗುಳ ಯಾಕಮ್ಮಾ? ಅಳಿಸಿ” ಎಂದರು ಸೆಕ್ರೆಟರಿ.

“ನಮ್ಮ ಕಾಕಾ ಕೊಟ್ಟದ್ದು ಸಾರ್, ಅಳಿಸಂಗಿಲ್ಲ” ಎಂದೆ.