ಬೆಳೆಯಲು ಬಿಟ್ಟ ಸೂರ್ಯ

ಅಪ್ಪಾ,

ನಾಲ್ಕು ದಿನದಿಂದ ಫೋನ್ ಮಾಡಿದರೆ "ಗಿರಾಕಿ ಇದಾರೆ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ನೀವು ಹೊಲಿದುಕೊಟ್ಟ ಸೂರ್ಯ ಹಾಳಾಗಿಲ್ಲ. ನನ್ನ ತರಗತಿಯ ಸೌರಮಂಡಲದ ಮಾದರಿಗೆ ಒಂದು ಮೀಟರ್ ಅಗಲದ ಹಳದಿ ವೃತ್ತ ಕೇಳಿದ್ದೆ. ನೀವು ಸುತ್ತಲೂ ಐದು ಸೆಂಟಿಮೀಟರ್ ಹೆಚ್ಚು ಬಿಟ್ಟಿರಿ. "ಸ್ಕೂಲಿಂದು ಅಂದ್ರೆ ಬೆಳೆಯೋಕೆ ಬಿಡಬೇಕಲ್ಲಮ್ಮಾ" ಎಂದು ನಾಲಿಗೆ ಕಚ್ಚಿಕೊಂಡಿರಿ. ನಾನು ನಕ್ಕಿದ್ದು ತಪ್ಪು. ನನ್ನ ಯೂನಿಫಾರ್ಮಿನ ಲಂಗ ಮೂರು ವರ್ಷ ಬಾಳಿದ್ದು ಆ ಅಭ್ಯಾಸದಿಂದಲೇ.

"ಅಂಚು ಕತ್ತರಿಸಿಬಿಡಿ" ಎಂದರು ಹೆಡ್ ಮೇಡಂ. ಅಪ್ಪ ಹೊಲಿದದ್ದಕ್ಕೆ ನಾನು ಕತ್ತರಿ ಹಾಕುವುದಿಲ್ಲ ಎಂದೆ. ಸೂರ್ಯ ದೊಡ್ಡವನಾದರೆ ಗ್ರಹಗಳೂ ದೂರಗಳೂ ಅದಕ್ಕೆ ತಕ್ಕಂತೆ ದೊಡ್ಡವಾಗಬೇಕು, ಅಷ್ಟೇ. ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಲೆಕ್ಕ ಹಾಕಿದೆ. ಭೂಮಿ ಈಗ ಒಂದು ಅಂಗಿ ಗುಂಡಿ. ಸೂರ್ಯನಿಂದ ನೂರ ಹದಿನೆಂಟು ಮೀಟರ್ ಆಚೆ, ಸೈಕಲ್ ಸ್ಟ್ಯಾಂಡಿನ ಹತ್ತಿರ. ಕೊನೆಯ ಗ್ರಹ ನೆಪ್ಚೂನ್ ಅಂಚೆ ಕಚೇರಿಯ ಮುಂದೆ ನಿಲ್ಲಬೇಕಿತ್ತು. ಅದು ಇನ್ನೂ ಮುನ್ನೂರ ಇಪ್ಪತ್ತು ಮೀಟರ್ ಮುಂದಕ್ಕೆ ಹೋಯಿತು. ನಿನ್ನೆ ಅಳೆಯುತ್ತಾ ಬಂದೆವು. ಎಲ್ಲಿಗೆ ಬಂದು ನಿಂತೆವು ಗೊತ್ತೇ? ನಿಮ್ಮ ಅಂಗಡಿಯ ಮೆಟ್ಟಿಲಿಗೆ! ನೀವು ಊಟಕ್ಕೆ ಹೋಗಿದ್ದಿರಿ.

ಶನಿವಾರ ನಲವತ್ತು ಮಕ್ಕಳು ಸೂರ್ಯನಿಂದ ಮೂರೂವರೆ ಕಿಲೋಮೀಟರ್ ನಡೆದು ಬರುತ್ತಾರೆ. ಕುಡಿಯಲು ನೀರು ತುಂಬಿಸಿಡಿ. ಕೋಟಿನ ದೊಡ್ಡ ನೀಲಿ ಗುಂಡಿಯೊಂದನ್ನು ತೆಗೆದಿಡಿ, ನೆಪ್ಚೂನ್ ಅದೇ. "ಸೂರ್ಯನ್ನ ಹೊಲಿದೋರು ಯಾರು ಮಿಸ್?" ಎಂದು ಎಲ್ಲರೂ ನನ್ನ ತಲೆ ತಿನ್ನುತ್ತಿದ್ದಾರೆ. ನಡೆದು ಬಂದರೆ ತೋರಿಸುತ್ತೇನೆ ಎಂದಿದ್ದೇನೆ.

ಅವತ್ತು ಮಾತ್ರ ಊಟಕ್ಕೆಂದು ಬಾಗಿಲು ಹಾಕಬೇಡಿ. ಸೌರಮಂಡಲ ಮುಗಿಯುವುದೇ ಅಲ್ಲಿ.

ನಿಮ್ಮ ಮಗಳು